ಕೊಬ್ಬು ಬಿಟ್ಟರೂ ಲಿಪಿಡ್ ವರದಿ ಸುಧಾರಿಸಲಿಲ್ಲ ಏಕೆ? ಆಹಾರ ತಜ್ಞೆಯೊಂದಿಗೆ ಪ್ರಶ್ನೋತ್ತರ

ಪ್ರಶ್ನೆ: ಮೇಡಂ, ನನಗೆ ನಲವತ್ತಾರು ವರ್ಷ. ರಕ್ತಪರೀಕ್ಷೆಯಲ್ಲಿ ಎಲ್‌ಡಿಎಲ್ (‘ಕೆಟ್ಟ’ ಕೊಲೆಸ್ಟ್ರಾಲ್) 152 ಬಂದಿದ್ದರಿಂದ ಬೆಣ್ಣೆ, ಕರಿದ ತಿಂಡಿ ಮಾತ್ರವಲ್ಲದೆ ಅಡುಗೆ ಎಣ್ಣೆ, ಬಾದಾಮಿ, ಶೇಂಗಾಗಳನ್ನೂ ನಿಲ್ಲಿಸಿದೆ. ಹಸಿವಾದಾಗ ಬಿಳಿ ಬ್ರೆಡ್, ಜಾಮ್, ಬಿಸ್ಕತ್ತು, ಹಣ್ಣಿನ ರಸ ತೆಗೆದುಕೊಳ್ಳುತ್ತಿದ್ದೆ. ಮೂರು ತಿಂಗಳ ನಂತರ ಎಲ್‌ಡಿಎಲ್ 146ಕ್ಕಷ್ಟೇ ಇಳಿದಿದೆ. ಟ್ರೈಗ್ಲಿಸರೈಡ್ (ರಕ್ತದಲ್ಲಿನ ಒಂದು ಬಗೆಯ ಕೊಬ್ಬು) 140ರಿಂದ 210ಕ್ಕೆ ಏರಿದೆ. ಎಚ್‌ಡಿಎಲ್ (‘ಒಳ್ಳೆಯ’ ಕೊಲೆಸ್ಟ್ರಾಲ್) 44ರಿಂದ 38ಕ್ಕೆ ಕುಸಿದಿದೆ. ಕೊಬ್ಬನ್ನೇ ಬಿಟ್ಟ ಮೇಲೂ ಹೀಗೇಕಾಯಿತು?

ಉತ್ತರ: ನೀವು ತೋರಿದ ಶಿಸ್ತಿನಲ್ಲಿ ಕೊರತೆಯಿಲ್ಲ, ಆದರೆ ಬಿಟ್ಟ ಆಹಾರದ ಜಾಗಕ್ಕೆ ಏನು ಬಂದಿತೆಂಬುದೇ ನಿಮ್ಮ ವರದಿಯನ್ನು ನಿರ್ಧರಿಸಿದೆ. ಸಕ್ಕರೆ ಮತ್ತು ಸಂಸ್ಕರಿಸಿದ ಹಿಟ್ಟು ದೇಹದ ಅಗತ್ಯಕ್ಕಿಂತ ಹೆಚ್ಚಾದಾಗ ಯಕೃತ್ತು ಅದನ್ನೇ ಕೊಬ್ಬನ್ನಾಗಿ ಪರಿವರ್ತಿಸಿ ಟ್ರೈಗ್ಲಿಸರೈಡ್ ರೂಪದಲ್ಲಿ ರಕ್ತಕ್ಕೆ ಬಿಡುತ್ತದೆ, ಮತ್ತು ಟ್ರೈಗ್ಲಿಸರೈಡ್ ಏರಿದಾಗ ಎಚ್‌ಡಿಎಲ್ ಇಳಿಯುವುದು ಸಾಮಾನ್ಯ. ಜೊತೆಗೆ, ಅನೇಕ ಬಿಸ್ಕತ್ತುಗಳನ್ನು ತಾಳೆ ಎಣ್ಣೆಯಿಂದ ತಯಾರಿಸುವುದರಿಂದ, ನೀವು ಬಿಟ್ಟೆನೆಂದುಕೊಂಡ ಸ್ಯಾಚುರೇಟೆಡ್ ಕೊಬ್ಬು (ಬೆಣ್ಣೆಯಲ್ಲಿರುವಂಥದ್ದು) ಆ ದಾರಿಯಲ್ಲಿ ಮರಳಿ ಬಂದಿರುವ ಸಾಧ್ಯತೆಯಿದೆ.

ಕೊಬ್ಬುಗಳ ವ್ಯತ್ಯಾಸ ಅವುಗಳ ಅಣುವಿನ ಆಕಾರದಲ್ಲಿದೆ. ಸ್ಯಾಚುರೇಟೆಡ್ ಕೊಬ್ಬಿನಾಮ್ಲಗಳ ಸರಪಳಿ ನೆಟ್ಟಗಿದ್ದು, ಒಟ್ಟಿದ ಸೌದೆಯಂತೆ ಒತ್ತಾಗಿ ಕೂರುತ್ತದೆ. ಬೆಣ್ಣೆ ಗಟ್ಟಿಯಾಗಿರುವುದು ಇದರಿಂದ. ಅನ್‌ಸ್ಯಾಚುರೇಟೆಡ್ ಕೊಬ್ಬಿನಾಮ್ಲಗಳಲ್ಲಿ ದ್ವಿಬಂಧವಿರುವ ಕಡೆ ಸರಪಳಿ ಬಾಗಿರುವುದರಿಂದ ಅವು ದ್ರವವಾಗಿರುತ್ತವೆ. ಆರೋಗ್ಯದ ದೃಷ್ಟಿಯಿಂದ ಮುಖ್ಯವಾದ ಕೆಲಸ ನಡೆಯುವುದು ಯಕೃತ್ತಿನಲ್ಲಿ. ರಕ್ತದಲ್ಲಿನ ಎಲ್‌ಡಿಎಲ್ ಕಣಗಳನ್ನು ಹಿಡಿದು ಒಳಗೆಳೆದುಕೊಳ್ಳುವ ಗ್ರಾಹಕಗಳು ಯಕೃತ್ತಿನ ಜೀವಕೋಶಗಳ ಮೇಲಿವೆ. ಇವುಗಳನ್ನು ಕಂಡುಹಿಡಿದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೈನ್ ಅವರಿಗೆ 1985ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಸ್ಯಾಚುರೇಟೆಡ್ ಕೊಬ್ಬು ಹೆಚ್ಚಾದಾಗ ಈ ಗ್ರಾಹಕಗಳ ಚಟುವಟಿಕೆ ತಗ್ಗುತ್ತದೆ, ಎಲ್‌ಡಿಎಲ್ ರಕ್ತದಲ್ಲಿ ಹೆಚ್ಚು ಕಾಲ ಸುತ್ತುತ್ತಾ ಅಪಧಮನಿಯ ಗೋಡೆಯೊಳಗೆ ಸೇರತೊಡಗುತ್ತದೆ. ಅದರ ಬದಲಿಗೆ ಸೂರ್ಯಕಾಂತಿ, ಸೋಯಾ ಮುಂತಾದ ಎಣ್ಣೆಗಳಲ್ಲಿರುವ ಪಾಲಿಅನ್‌ಸ್ಯಾಚುರೇಟೆಡ್ ಕೊಬ್ಬನ್ನು ಸೇವಿಸಿದಾಗ ಎಲ್‌ಡಿಎಲ್ ಸ್ಪಷ್ಟವಾಗಿ ಇಳಿಯುತ್ತದೆ. ಇಂತಹ ಬದಲಾವಣೆ ಮಾಡಿದ ಪ್ರಯೋಗಗಳಲ್ಲಿ ಹೃದಯ ಮತ್ತು ರಕ್ತನಾಳಗಳ ಕಾಯಿಲೆ ಸುಮಾರು ಶೇ. 30ರಷ್ಟು ಕಡಿಮೆಯಾಯಿತೆಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2017ರಲ್ಲಿ ಹೇಳಿತು. ನೀವು ನಿಲ್ಲಿಸಿದ ಬಾದಾಮಿ, ಶೇಂಗಾಗಳೇ ನಿಮ್ಮ ಪರವಾಗಿದ್ದ ಆಹಾರಗಳು. ದಯವಿಟ್ಟು ಅವುಗಳನ್ನು ಮರಳಿ ತನ್ನಿ.

ಪೂರ್ತಿ ಬಿಡಬೇಕಾದದ್ದು ಒಂದೇ, ಕೈಗಾರಿಕಾ ಟ್ರಾನ್ಸ್ ಫ್ಯಾಟ್. ದ್ರವ ಎಣ್ಣೆಗೆ ಭಾಗಶಃ ಹೈಡ್ರೋಜನ್ ಸೇರಿಸಿ ಗಟ್ಟಿ ಮಾಡುವಾಗ ಇದು ಹುಟ್ಟುತ್ತದೆ. ಇದು ಎಲ್‌ಡಿಎಲ್ ಅನ್ನು ಏರಿಸುವುದರ ಜೊತೆಗೆ ಎಚ್‌ಡಿಎಲ್ ಅನ್ನು ಇಳಿಸುತ್ತದೆಂದು ನೆದರ್ಲೆಂಡ್ಸ್‌ನ ಸಂಶೋಧಕರು 1990ರಲ್ಲಿ ತೋರಿಸಿದರು. ಡೆನ್ಮಾರ್ಕ್ 2003ರಲ್ಲಿಯೇ ಕಾನೂನಿನ ಮೂಲಕ ಇದಕ್ಕೆ ಮಿತಿ ಹಾಕಿತು. ಪೊಟ್ಟಣದ ಮೇಲೆ ‘ಭಾಗಶಃ ಹೈಡ್ರೋಜನೀಕರಿಸಿದ ಎಣ್ಣೆ’ ಎಂದಿದ್ದರೆ ಅದನ್ನು ಕೊಳ್ಳಬೇಡಿ. ಕೆಲವು ದೇಶಗಳಲ್ಲಿ ಅತ್ಯಲ್ಪ ಪ್ರಮಾಣವನ್ನು ಸೊನ್ನೆ ಎಂದು ನಮೂದಿಸಲು ಅವಕಾಶವಿರುವುದರಿಂದ ಸೊನ್ನೆಯನ್ನು ನೋಡಿ ನಿಲ್ಲದೆ ಪದಾರ್ಥಗಳ ಪಟ್ಟಿಯನ್ನೂ ಓದಬೇಕು.

ಮತ್ತೊಬ್ಬ ಸದಸ್ಯರು: ಕೊಬ್ಬರಿ ಎಣ್ಣೆ ಸಸ್ಯಮೂಲದ್ದು, ಅದರಲ್ಲಿ ಕೊಲೆಸ್ಟ್ರಾಲ್ ಇಲ್ಲ. ಅದಕ್ಕಿಂತ ಬೀಜದ ಎಣ್ಣೆಗಳ ಒಮೆಗಾ-6 (ಒಂದು ಬಗೆಯ ಪಾಲಿಅನ್‌ಸ್ಯಾಚುರೇಟೆಡ್ ಕೊಬ್ಬು) ಉರಿಯೂತ ತರುತ್ತದೆ ಎಂದು ಓದಿದ್ದೇನೆ. ಇದು ನಿಜವೇ?

ಉತ್ತರ: ಕೊಬ್ಬರಿ ಎಣ್ಣೆಯಲ್ಲಿ ಕೊಲೆಸ್ಟ್ರಾಲ್ ಇಲ್ಲವೆಂಬುದು ನಿಜ, ಆದರೆ ಅದರ ಕೊಬ್ಬಿನಲ್ಲಿ ಶೇ. 80ಕ್ಕಿಂತ ಹೆಚ್ಚು ಭಾಗ ಸ್ಯಾಚುರೇಟೆಡ್ ಆಗಿದ್ದು, ಮೇಲೆ ಹೇಳಿದ ಗ್ರಾಹಕಗಳಿಗೆ ಎಣ್ಣೆಯ ಮೂಲ ಸಸ್ಯವೋ ಪ್ರಾಣಿಯೋ ಎಂಬುದು ಮುಖ್ಯವಲ್ಲ. 2020ರಲ್ಲಿ ‘ಸರ್ಕ್ಯುಲೇಷನ್’ ಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗಗಳ ಒಟ್ಟು ವಿಶ್ಲೇಷಣೆಯ ಪ್ರಕಾರ, ಅನ್‌ಸ್ಯಾಚುರೇಟೆಡ್ ಎಣ್ಣೆಗಳಿಗೆ ಹೋಲಿಸಿದರೆ ಕೊಬ್ಬರಿ ಎಣ್ಣೆ ಎಲ್‌ಡಿಎಲ್ ಅನ್ನು ಡೆಸಿಲೀಟರ್‌ಗೆ ಸುಮಾರು 10 ಮಿಲಿಗ್ರಾಂನಷ್ಟು ಏರಿಸಿತು. ಎಚ್‌ಡಿಎಲ್ ಕೂಡ ಸ್ವಲ್ಪ ಏರುತ್ತದೆ. ಆದರೆ ಔಷಧಗಳಿಂದ ಎಚ್‌ಡಿಎಲ್ ಏರಿಸಿ ನೋಡಿದ ದೊಡ್ಡ ಪ್ರಯೋಗಗಳಲ್ಲಿ ಆ ಏರಿಕೆಯೊಂದರಿಂದಲೇ ಹೃದಯಾಘಾತ ತಗ್ಗಲಿಲ್ಲವಾದ್ದರಿಂದ, ಅದನ್ನು ಲಾಭವೆಂದು ಲೆಕ್ಕಕ್ಕೆ ಹಿಡಿಯಲು ನಾನು ಸಿದ್ಧಳಿಲ್ಲ. ಒಮೆಗಾ-6ರ ಬಗೆಗಿನ ಭಯಕ್ಕೆ ಆಧಾರ ದುರ್ಬಲವಾಗಿದೆ: ಬೀಜದ ಎಣ್ಣೆಗಳ ಮುಖ್ಯ ಒಮೆಗಾ-6 ಆದ ಲಿನೋಲಿಯಿಕ್ ಆಮ್ಲವನ್ನು ಹೆಚ್ಚಿಸಿದ ಪ್ರಯೋಗಗಳಲ್ಲಿ ಉರಿಯೂತದ ಸೂಚಕಗಳು ಏರಿಲ್ಲ. ಒಂದೇ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿ ಕರಿಯುವುದು ಬೇರೆಯೇ ವಿಷಯ. ಅದು ಯಾವ ಎಣ್ಣೆಯಾದರೂ ಕೆಡುತ್ತದೆ, ಅದನ್ನು ತಪ್ಪಿಸಬೇಕು.

ಇನ್ನೊಬ್ಬ ಸದಸ್ಯರು: ನಾನು ಮೀನು ತಿನ್ನುವುದಿಲ್ಲ. ಒಮೆಗಾ-3 ಮಾತ್ರೆ ಬೇಕೇ?

ಉತ್ತರ: ಅಗಸೆ ಬೀಜ ಮತ್ತು ಅಕ್ರೋಟಿನಲ್ಲಿರುವ ಒಮೆಗಾ-3 ದೇಹಕ್ಕೆ ಅತ್ಯಗತ್ಯವಾದದ್ದು, ಆದರೆ ಮೀನಿನಲ್ಲಿ ಸಿಗುವ ರೂಪಕ್ಕೆ ಅದರ ಸ್ವಲ್ಪ ಭಾಗ ಮಾತ್ರ ಬದಲಾಗುತ್ತದೆ. ಆ ರೂಪವೇ ಬೇಕಾದವರಿಗೆ ಪಾಚಿಯಿಂದ ತೆಗೆದ ಎಣ್ಣೆಯಿದೆ. ಹೆಚ್ಚಿನ ಪ್ರಮಾಣದ ಮಾತ್ರೆಗಳು ಹೃದಯದ ಲಯ ತಪ್ಪುವ ಅಪಾಯವನ್ನು ಹೆಚ್ಚಿಸಬಲ್ಲವು. ವೈದ್ಯರ ಸಲಹೆಯಿಲ್ಲದೆ ತೆಗೆದುಕೊಳ್ಳಬೇಡಿ.

ಮೊದಲ ಪ್ರಶ್ನೆ ಕೇಳಿದವರು: ಧನ್ಯವಾದಗಳು ಮೇಡಂ. ಹಾಗಾದರೆ ದಿನಕ್ಕೆ ಎಷ್ಟು ಕೊಬ್ಬು ಸಾಕು? ಮತ್ತೆ ಯಾವಾಗ ಪರೀಕ್ಷೆ ಮಾಡಿಸಲಿ?

ಉತ್ತರ: ವಿಶ್ವ ಆರೋಗ್ಯ ಸಂಸ್ಥೆಯ 2023ರ ಮಾರ್ಗಸೂಚಿಯಂತೆ ವಯಸ್ಕರ ಒಟ್ಟು ಕ್ಯಾಲೊರಿಯಲ್ಲಿ ಕೊಬ್ಬಿನ ಪಾಲು ಶೇ. 30ರೊಳಗೆ, ಸ್ಯಾಚುರೇಟೆಡ್ ಕೊಬ್ಬು ಶೇ. 10ರೊಳಗೆ, ಟ್ರಾನ್ಸ್ ಫ್ಯಾಟ್ ಶೇ. 1ರೊಳಗೆ ಇರಬೇಕು. ಒಂದು ಗ್ರಾಂ ಕೊಬ್ಬಿನಲ್ಲಿ 9 ಕ್ಯಾಲೊರಿಗಳಿರುವುದರಿಂದ, 2000 ಕ್ಯಾಲೊರಿ ಆಹಾರ ಸೇವಿಸುವವರಿಗೆ ಒಟ್ಟು ಕೊಬ್ಬು ಸುಮಾರು 67 ಗ್ರಾಂ, ಅದರಲ್ಲಿ ಸ್ಯಾಚುರೇಟೆಡ್ 22 ಗ್ರಾಂ ಆಗುತ್ತದೆ. ಒಂದು ದೊಡ್ಡ ಚಮಚ ಬೆಣ್ಣೆಯಲ್ಲೇ ಸುಮಾರು 7 ಗ್ರಾಂ ಸ್ಯಾಚುರೇಟೆಡ್ ಕೊಬ್ಬಿರುತ್ತದೆ. ಆದರೆ ದಿನವೂ ತೂಕ ಹಾಕುವ ಅಗತ್ಯವಿಲ್ಲ. ಬ್ರೆಡ್, ಜಾಮ್ ಜಾಗಕ್ಕೆ ಇಡೀ ಧಾನ್ಯ ಮತ್ತು ಕಾಳುಗಳನ್ನು, ಬಿಸ್ಕತ್ತಿನ ಜಾಗಕ್ಕೆ ಒಂದು ಹಿಡಿ ಬಾದಾಮಿ ಅಥವಾ ಶೇಂಗಾವನ್ನು, ರಸದ ಬದಲು ಇಡೀ ಹಣ್ಣನ್ನು ತನ್ನಿ. ಅಡುಗೆಗೆ ಮಿತವಾಗಿ ದ್ರವ ಎಣ್ಣೆಯನ್ನು ಬಳಸಿ. ಎರಡರಿಂದ ಮೂರು ತಿಂಗಳಲ್ಲಿ ಮರುಪರೀಕ್ಷೆ ಮಾಡಿಸಿ, ಎಲ್ಲ ವರದಿಗಳೊಂದಿಗೆ ನಿಮ್ಮ ವೈದ್ಯರನ್ನು ಕಾಣಿರಿ. ಮಧುಮೇಹ, ರಕ್ತದೊತ್ತಡ ಅಥವಾ ಕುಟುಂಬದಲ್ಲಿ ಚಿಕ್ಕ ವಯಸ್ಸಿನ ಹೃದಯಾಘಾತದ ಇತಿಹಾಸವಿದ್ದರೆ ಅಲ್ಲಿಯವರೆಗೂ ಕಾಯದೆ ಈಗಲೇ ಹೋಗಿ, ಏಕೆಂದರೆ ಅಂಥವರಿಗೆ ಪಥ್ಯದ ಜೊತೆಗೆ ಔಷಧವೂ ಬೇಕಾಗಬಹುದು.