ಚೆಂಡು ಬಿಟ್ಟ ಹುಡುಗನ ಹೆಸರು ಯಾಕೆ ಬೇಕು?

ಆಕ್ಲೆಂಡ್ ಅತ್ತಿಗೆ:
ಶನಿವಾರದ ಮ್ಯಾಚ್ ಆದ ಮೇಲೆ ಪುಟ್ಟನ ರಗ್ಬಿ ಕೋಚ್ ಎಲ್ಲಾ ಅಪ್ಪ ಅಮ್ಮಂದಿರಿಗೂ ಕಳಿಸಿದ್ದು. ದೊಡ್ಡಪ್ಪ ಕೇಳಿದರು ಅಂತ ಕನ್ನಡದಲ್ಲಿ ಹಾಕುತ್ತಿದ್ದೇನೆ.

"ಇವತ್ತು 17-19ರಲ್ಲಿ ಸೋತೆವು. ಅರ್ಧ ಆಟ ಮುಗಿದಾಗ 17-5ರಲ್ಲಿ ಮುಂದಿದ್ದೆವು. ಮಂಗಳವಾರ ಎರಡೇ ವಿಷಯ ಪ್ರಾಕ್ಟೀಸ್ ಮಾಡೋಣ. ಒಂದು, ನಮ್ಮವನನ್ನು ಕೆಡವಿದಾಗ ಉಳಿದವರು ಚೆಂಡಿನ ಹತ್ತಿರ ತಡವಾಗಿ ಬಂದಿರಿ. ಎರಡು, ಸುಸ್ತಾದ ಮೇಲೆ ಟ್ಯಾಕಲ್ ಮಾಡುವಾಗ (ಎದುರಿನವನನ್ನು ಹಿಡಿದು ಕೆಡವುವಾಗ) ಬಗ್ಗಲಿಲ್ಲ, ನಿಂತಲ್ಲೇ ಜೆರ್ಸಿ ಹಿಡಿದು ಎಳೆದಿರಿ. ಕೊನೆಯಲ್ಲಿ ಚೆಂಡು ಕೈಜಾರಿದ್ದರ ಬಗ್ಗೆ ಯಾರೂ ಯಾರನ್ನೂ ಏನೂ ಕೇಳುವುದು ಬೇಡ. ಇಬ್ಬರು ಎದುರು ತಂಡದವರ ಕೈಕುಲುಕದೆ ಹೋದರು, ಅವರ ಜೊತೆ ನಾನೇ ಮಾತಾಡುತ್ತೇನೆ. ಮುಂದಿನ ವಾರವೂ ಎಲ್ಲರೂ ಕನಿಷ್ಠ ಅರ್ಧ ಆಟ ಆಡುತ್ತಾರೆ."

ಮೈಸೂರು ದೊಡ್ಡಪ್ಪ:
ಓದಿದೆ ಕಣಮ್ಮ. 12 ಪಾಯಿಂಟ್ ಮುಂದಿದ್ದು ಸೋತ ಮೇಲೆ ಇಷ್ಟು ಮೆತ್ತಗೆ ಬರೆದರೆ ಹೇಗೆ? ನಾನು ಪಿ.ಟಿ. ಮೇಷ್ಟ್ರಾಗಿದ್ದಾಗ ನಮ್ಮ ಕಬಡ್ಡಿ ಹುಡುಗರು ತಾಲ್ಲೂಕು ಮಟ್ಟದಲ್ಲಿ ಸೋತು ಬಂದರೆ ಮಾರನೇ ದಿನ ಬೆಳಿಗ್ಗೆ ಮೈದಾನದಲ್ಲಿ ಸಾಲಾಗಿ ನಿಲ್ಲಿಸಿ, ಯಾರು ಎಲ್ಲಿ ತಪ್ಪು ಮಾಡಿದರು ಅಂತ ಅವರವರ ಬಾಯಲ್ಲೇ ಹೇಳಿಸುತ್ತಿದ್ದೆ. ಆಮೇಲೆ 10 ಸುತ್ತು ಓಟ. ಯಾರೂ ಸತ್ತು ಹೋಗಲಿಲ್ಲ. ತಪ್ಪು ಮಾಡಿದವನಿಗೆ ಗೊತ್ತಾಗಬೇಕು.

ಆಕ್ಲೆಂಡ್ ಅಣ್ಣ:
ಅದನ್ನೇ ನಾನೂ ಹೇಳುತ್ತಿರುವುದು ದೊಡ್ಡಪ್ಪ. ಆ ಹುಡುಗ ಚೆಂಡು ಬಿಡುತ್ತಾನೆ ಅಂತ ಎಲ್ಲರಿಗೂ ಗೊತ್ತು. ಕೊನೆಯ 10 ನಿಮಿಷಕ್ಕೆ ಮತ್ತೆ ಅವನನ್ನೇ ಇಳಿಸಬೇಕಿತ್ತಾ? ಸಾಲದ್ದಕ್ಕೆ ಅವರ ಕೊನೆಯ ಟ್ರೈಗೆ (ಗೆರೆಯಾಚೆ ಚೆಂಡು ಊರಿ ಪಾಯಿಂಟ್ ಗಳಿಸುವುದು) ಮುಂಚೆ ಪಾಸ್ ಮುಂದಕ್ಕೆ ಹೋಗಿತ್ತು, ರಗ್ಬಿಯಲ್ಲಿ ಅದು ತಪ್ಪು, ರೆಫರಿ ನೋಡಲೇ ಇಲ್ಲ. ಕ್ಲಬ್ಬಿಗೆ ಮೇಲ್ ಬರೆದಿಟ್ಟಿದ್ದೇನೆ, ಇನ್ನೂ ಕಳಿಸಿಲ್ಲ. ವಿಡಿಯೊ ಹಾಕಿದ್ದೇನೆ, ನೀವೇ ನೋಡಿ.

ಹಾಸನ ಅತ್ತೆ:
ಸೋಲು ಗೆಲುವು ಇರಲಿ, ಮಕ್ಕಳು ಒಬ್ಬರ ಮೇಲೊಬ್ಬರು ಬೀಳುವುದು ನೋಡಿ ನನಗೆ ಕೈಕಾಲು ತಣ್ಣಗಾಯಿತು. ಸುಮ್ನೆ ಕ್ರಿಕೆಟ್‌ಗೆ ಸೇರಿಸಬಾರದಾ?

ನಾನು:
ಅಣ್ಣ, ದಯವಿಟ್ಟು ಆ ಮೇಲ್ ಕಳಿಸಬೇಡ. ನಾನೂ ಇಲ್ಲಿ ಬೆಂಗಳೂರಿನಲ್ಲಿ ಭಾನುವಾರ ಮಕ್ಕಳಿಗೆ ರಗ್ಬಿ ಹೇಳಿಕೊಡುವವನು, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಿನ್ನ ವಿಡಿಯೊದಲ್ಲಿ ಚೆಂಡು ಕೈಜಾರುವುದಕ್ಕೆ 20 ಸೆಕೆಂಡ್ ಮುಂಚೆಯಿಂದ ನೋಡು. ನಮ್ಮ ಹುಡುಗ ಒಬ್ಬ ಚೆಂಡು ಹಿಡಿದು ಓಡಿ ನೆಲಕ್ಕೆ ಬೀಳುತ್ತಾನೆ. ನಿಯಮದ ಪ್ರಕಾರ ಬಿದ್ದವನು ಚೆಂಡು ಬಿಡಲೇಬೇಕು. ಆಗ ನಮ್ಮವರು ಇಬ್ಬರಾದರೂ ಓಡಿ ಬಂದು ಅವನನ್ನು ತುಳಿಯದೆ ಚೆಂಡಿಗೆ ಅಡ್ಡವಾಗಿ ನಿಂತು ಎದುರಿನವರನ್ನು ತಳ್ಳಿದರೆ ಚೆಂಡು ನಮಗೇ ಉಳಿಯುತ್ತದೆ, ಅದೇ ರಕ್. ಇಲ್ಲಿ ಬಂದಿದ್ದು ಒಬ್ಬನೇ. ಎದುರಿನವರು ಮೈಮೇಲೆ ಬಂದರು, ಚೆಂಡು ಎತ್ತಿದವನು ಗಾಬರಿಯಲ್ಲಿ ತಿರುಗಿ ಎಸೆದ. ಆ ಪಾಸ್ ಹೋಗಿದ್ದು ಎಲ್ಲಿಗೆ? ಆ ಹುಡುಗನ ಮೊಣಕಾಲಿಗಿಂತ ಕೆಳಗೆ. ಅವನು ನಿಂತ ಜಾಗದಲ್ಲೇ ಬಗ್ಗಿದ, ಬೆರಳಿಗೆ ತಾಗಿ ಮುಂದಕ್ಕೆ ಬಿತ್ತು. ಆ ಪಾಸನ್ನು ದೊಡ್ಡವರೂ ಹಿಡಿಯುವುದು ಕಷ್ಟ.

ಈಗ ರಕ್‌ಗೆ ಬರಬೇಕಾಗಿದ್ದ ಇನ್ನಿಬ್ಬರನ್ನು ನೋಡು. ಎಡಗಡೆ, ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಾರೆ. ಅವರಲ್ಲಿ ಒಬ್ಬ ನಮ್ಮ ಪುಟ್ಟ.

ಆಕ್ಲೆಂಡ್ ಅಣ್ಣ:
ಪುಟ್ಟ ಇಡೀ ಆಟ ಆಡಿದ್ದ ಕಣೋ. ಸುಸ್ತಾಗಿದ್ದ.

ನಾನು:
ನಾನು ಹೇಳುತ್ತಿರುವುದೂ ಅದೇ ಅಣ್ಣ. ಅವನನ್ನು ಬೈಯಬೇಡ. 12 ವರ್ಷದ ಹುಡುಗ ಇಡೀ ಆಟ ಓಡಿದರೆ ಕೊನೆಯಲ್ಲಿ ಹಾಗೇ ನಿಲ್ಲುತ್ತಾನೆ. ಆದರೆ ಸೋತಿದ್ದು ಆ ಒಂದು ಚೆಂಡಿನಿಂದ ಅಲ್ಲ, ಅರ್ಧ ಆಟದಿಂದ ಅಲ್ಲಿಯವರೆಗೆ ನಡೆದ ಎಲ್ಲದರಿಂದ. ಎರಡನೇ ಅರ್ಧದಲ್ಲಿ ನಮ್ಮದು 0, ಅವರದು 14. ಆ ಹುಡುಗ ಮತ್ತೆ ಬರುವುದಕ್ಕೆ ಮುಂಚೆಯೇ ಅದರಲ್ಲಿ 7 ಹೋಗಿತ್ತು.

ಕೋಚ್ ಬರೆಯದ ಒಂದು ಮಾತು ನಾನು ಬರೆಯುತ್ತಿದ್ದೆ. ಹೊರಗೆ ಕೂತವರನ್ನು ಇಳಿಸಿದ್ದು ತಡವಾಯಿತು. 17-5 ಇದ್ದಾಗಲೇ ಬದಲಾಯಿಸಿದ್ದರೆ ಕೊನೆಯಲ್ಲಿ ಓಡುವ ಕಾಲು ಜಾಸ್ತಿ ಇರುತ್ತಿತ್ತು. ಮುಂದೆ ಇದ್ದೇವೆ, ಕೈ ಹಾಕುವುದು ಬೇಡ ಅಂತ ಎಲ್ಲಾ ಕೋಚ್‌ಗಳೂ ಕಾಯುತ್ತಾರೆ. ಅರ್ಧ ಆಟದ ನಿಯಮದಿಂದ ಸೋತಿಲ್ಲ ಅಣ್ಣ, ಅದನ್ನು ಕೊನೆಗೆ ತಳ್ಳಿದ್ದರಿಂದ ಸೋತಿದ್ದು. ಮೇಲ್ ಬರೆಯಲೇಬೇಕು ಅಂದರೆ ಇದನ್ನು ಬರಿ. ಮೇಲ್‌ಗಿಂತ ಎದುರಿಗೇ ಹೇಳುವುದು ಒಳ್ಳೆಯದು.

ಆಕ್ಲೆಂಡ್ ಅಣ್ಣ:
ಸರಿ, ರೆಫರಿ?

ನಾನು:
ನೀನಿರುವ ನ್ಯೂಜಿಲೆಂಡ್ ದೇಶದಲ್ಲೇ ಇದಕ್ಕೆ ಉತ್ತರ ಇದೆ. 2007ರ ರಗ್ಬಿ ವಿಶ್ವಕಪ್ ಕ್ವಾರ್ಟರ್ ಫೈನಲ್. ಕಾರ್ಡಿಫ್‌ನಲ್ಲಿ ಫ್ರಾನ್ಸ್ ಎದುರು ಆಲ್ ಬ್ಲ್ಯಾಕ್ಸ್ (ನ್ಯೂಜಿಲೆಂಡ್ ತಂಡ) ಅರ್ಧ ಆಟಕ್ಕೆ 13-3ರಲ್ಲಿ ಮುಂದಿದ್ದು 18-20ರಲ್ಲಿ ಸೋತರು. ಫ್ರಾನ್ಸಿನ ಗೆಲುವಿನ ಟ್ರೈಗೆ ಮುಂಚೆ ಪಾಸ್ ಮುಂದಕ್ಕೆ ಹೋಗಿತ್ತು, ರೆಫರಿ ಹಿಡಿಯಲಿಲ್ಲ. ಜನ ವರ್ಷಗಟ್ಟಲೆ ಆ ರೆಫರಿಯನ್ನು ಬೈದರು. ಆದರೆ ಆಮೇಲೆ ಇನ್ನೂ ಸಮಯವಿತ್ತು. ಎರಡೇ ಪಾಯಿಂಟ್ ಹಿಂದೆ. ಒಂದು ಡ್ರಾಪ್ ಗೋಲ್ (ಚೆಂಡನ್ನು ನೆಲಕ್ಕೆ ಬಿಟ್ಟು ಪುಟಿದಾಗ ಕಂಬಗಳ ನಡುವೆ ಒದೆಯುವುದು) ಹೊಡೆದಿದ್ದರೆ 3 ಪಾಯಿಂಟ್, ಗೆಲುವು. ಅವರು ಟ್ರೈ ಬೇಕು ಅಂತ ಗುದ್ದುತ್ತಲೇ ಇದ್ದರು, ಕೊನೆಗೆ ಬಹಳ ದೂರದಿಂದ ಒಂದು ಪ್ರಯತ್ನ ಮಾಡಿದರು, ಅದೂ ಹೋಯಿತು. ರೆಫರಿಯನ್ನು ತಿದ್ದುವುದು ಅವರ ಕೈಯಲ್ಲಿರಲಿಲ್ಲ, ಒತ್ತಡದಲ್ಲಿ ತಲೆ ಓಡಿಸುವುದು ಅವರ ಕೈಯಲ್ಲಿತ್ತು. ಕೋಚ್ ಗ್ರಹಾಂ ಹೆನ್ರಿಯನ್ನು ತೆಗೆಯಲಿಲ್ಲ. ಅವರೇ ಆ ಒಂದು ವಿಷಯದ ಮೇಲೆ ಕೆಲಸ ಮಾಡಿ 2011ರಲ್ಲಿ ಆಕ್ಲೆಂಡ್‌ನ ಈಡನ್ ಪಾರ್ಕ್‌ನಲ್ಲಿ ಅದೇ ಫ್ರಾನ್ಸ್ ಎದುರು ಫೈನಲ್ ಗೆದ್ದರು. 8-7. ಕೊನೆಯವರೆಗೂ ಒಂದೇ ಪಾಯಿಂಟ್ ಅಂತರ, ತಲೆ ಕೆಡಿಸಿಕೊಳ್ಳಲಿಲ್ಲ.

ಆ 8ರಲ್ಲಿ 3 ಪಾಯಿಂಟ್ ಹೊಡೆದವನು ಸ್ಟೀಫನ್ ಡೊನಾಲ್ಡ್. ದೊಡ್ಡಪ್ಪ, ಇವನ ವಿಷಯ ನೀವು ಕೇಳಲೇಬೇಕು. 2010ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಆಸ್ಟ್ರೇಲಿಯಾ ಎದುರು ಕೊನೆಯಲ್ಲಿ ಇವನು ಒದ್ದ ಚೆಂಡು ಪಕ್ಕದ ಗೆರೆ ದಾಟಿ ಆಚೆ ಹೋಗಲಿಲ್ಲ, ಆಟ ನಿಲ್ಲಲಿಲ್ಲ. ಆಸ್ಟ್ರೇಲಿಯಾ ಅಲ್ಲಿಂದ ಓಡಿ ಟ್ರೈ ಹೊಡೆದು 26-24ರಲ್ಲಿ ಗೆದ್ದಿತು. ಇಡೀ ದೇಶ ಇವನೊಬ್ಬನನ್ನೇ ಹಿಡಿದು ಬೈಯಿತು. ವಿಶ್ವಕಪ್ ತಂಡದಲ್ಲಿ ಜಾಗವೂ ಸಿಗಲಿಲ್ಲ. ಆಮೇಲೆ ತಂಡದ ಮುಖ್ಯ ಒದೆಗಾರ ಡ್ಯಾನ್ ಕಾರ್ಟರ್‌ಗೆ ಗಾಯ, ಅವನ ಜಾಗಕ್ಕೆ ಬಂದವನಿಗೂ ಗಾಯ. ತಂಡದವರು ಫೋನ್ ಮಾಡಿದಾಗ ಡೊನಾಲ್ಡ್ ವೈಕಾಟೊ ನದಿಯಲ್ಲಿ ಮೀನು ಹಿಡಿಯುತ್ತಿದ್ದ. ಫೈನಲ್‌ನಲ್ಲಿ ಮೂರನೆಯವನ ಮೊಣಕಾಲೂ ಹೋಯಿತು, ಇವನು ಇಳಿದ. ಪೆನಾಲ್ಟಿ ಸಿಕ್ಕಾಗ ಚೆಂಡು ಇವನ ಕೈಗೇ ಕೊಟ್ಟರು.

ಮೈಸೂರು ದೊಡ್ಡಪ್ಪ:
ಚೆನ್ನಾಗಿದೆ. ಆದರೆ ನೋಡು, ಅವನನ್ನು ತಂಡದಿಂದ ಕೈಬಿಟ್ಟಿದ್ದಕ್ಕೇ ಅವನು ಗಟ್ಟಿಯಾಗಿದ್ದು. ನನ್ನ ಮಾತೇ ನಿಜವಾಯಿತಲ್ಲ.

ನಾನು:
ಇಲ್ಲ ದೊಡ್ಡಪ್ಪ, ಅಲ್ಲಿ ನಿಮ್ಮ ಮಾತು ಒಪ್ಪುವುದಿಲ್ಲ. ಅವನು ವಾಪಸ್ ಬಂದಿದ್ದು ಮೂರು ಜನಕ್ಕೆ ಗಾಯವಾಗಿದ್ದರಿಂದ. ಹಾಗೆ ಆಗದೇ ಇದ್ದಿದ್ದರೆ ಅವನು ಇವತ್ತಿಗೂ ಹಾಂಗ್‌ಕಾಂಗ್‌ನಲ್ಲಿ ಸೋಲಿಸಿದವನೇ. ಅವನು ದೊಡ್ಡವನು, ಸಂಬಳಕ್ಕೆ ಆಡುತ್ತಿದ್ದವನು. 12 ವರ್ಷದವನನ್ನು ಸಾಲಲ್ಲಿ ನಿಲ್ಲಿಸಿ ಹೇಳಿಸಿದರೆ ಅವನು ಮುಂದಿನ ಸಲ ಚೆಂಡು ಕೇಳುವುದೇ ಇಲ್ಲ, ಪಾಸ್ ಬರದ ಜಾಗ ನೋಡಿ ನಿಲ್ಲುತ್ತಾನೆ. ನಾನು ಇಲ್ಲಿ ಭಾನುವಾರ ಭಾನುವಾರ ಇದನ್ನೇ ನೋಡುತ್ತಿದ್ದೇನೆ. ಇನ್ನು ಕೆಲವರು ಮೈದಾನಕ್ಕೇ ಬರುವುದಿಲ್ಲ. 2019ರಲ್ಲಿ ನ್ಯೂಜಿಲೆಂಡ್‌ನ ರಗ್ಬಿ, ಕ್ರಿಕೆಟ್, ಹಾಕಿ, ಫುಟ್‌ಬಾಲ್, ನೆಟ್‌ಬಾಲ್ ಸಂಸ್ಥೆಗಳು ಒಟ್ಟಿಗೆ ಸೇರಿ, ಚಿಕ್ಕ ಮಕ್ಕಳ ಆಟದಲ್ಲಿ ಗೆಲ್ಲುವುದೇ ಮುಖ್ಯ ಅನ್ನುವುದನ್ನು ಬಿಡಬೇಕು, ಎಲ್ಲಾ ಮಕ್ಕಳಿಗೂ ಆಡುವ ಅವಕಾಶ ಸಿಗಬೇಕು ಅಂತ ಹೇಳಿದವು. ರಗ್ಬಿಯನ್ನು ಉಸಿರಾಡುವ ದೇಶ ಅದು, ಅವರೇ ಹೀಗೆ ಹೇಳುತ್ತಾರೆ.

ಹಾಸನ ಅತ್ತೆ:
ನನ್ನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ.

ನಾನು:
ಅತ್ತೆ, ನಿಮ್ಮ ಭಯ ಸರಿಯಾಗಿಯೇ ಇದೆ. ಕೋಚ್ ಬರೆದ ಎರಡನೇ ವಿಷಯ ಅದೇ. ಬಗ್ಗದೆ ಟ್ಯಾಕಲ್ ಮಾಡಿದರೆ ತಲೆಗೆ ತಲೆ ಹೊಡೆಯುತ್ತದೆ. ಅದಕ್ಕೇ ಅಲ್ಲಿ 2023ರಲ್ಲಿ ಕ್ಲಬ್ ಆಟಕ್ಕೆ, ಮೊದಲು ಹಿಡಿಯುವವನು ಎದೆಮೂಳೆಗಿಂತ ಕೆಳಗೇ ಹಿಡಿಯಬೇಕು ಅಂತ ನಿಯಮ ತಂದರು. ತಲೆಗೆ ಪೆಟ್ಟಾದ ಅನುಮಾನ ಬಂದರೆ ರೆಫರಿ ನೀಲಿ ಕಾರ್ಡ್ ತೋರಿಸುತ್ತಾನೆ. ಆ ಮಗು ಆಚೆ ಬರಲೇಬೇಕು, ಕನಿಷ್ಠ 3 ವಾರ ಆಡುವ ಹಾಗಿಲ್ಲ, ಡಾಕ್ಟರ್ ಒಪ್ಪಬೇಕು. ಅಪಾಯ ಇಲ್ಲವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಈ ಕೋಚ್ ಸೋತ ದಿನವೂ ಸ್ಕೋರ್ ಬಿಟ್ಟು ಟ್ಯಾಕಲ್ ಎತ್ತರದ ಬಗ್ಗೆ ಬರೆದಿದ್ದಾರೆ ನೋಡಿ, ನನಗೆ ಅದಕ್ಕೇ ಅವರ ಮೇಲೆ ಗೌರವ.

ಮೈಸೂರು ದೊಡ್ಡಪ್ಪ:
ಇದು ನನ್ನ ವಿಷಯ, ನಾನು ಹೇಳುತ್ತೇನೆ. ಕಬಡ್ಡಿಯಲ್ಲಿ ತೊಡೆ ಹಿಡಿಯುವಾಗ ಏನು ಮಾಡುತ್ತೇವೆ? ಕಣ್ಣು ಅವನ ಸೊಂಟದ ಮೇಲೆ. ಮುಖ ನೋಡಿದರೆ ಮೋಸ ಹೋಗುತ್ತೀಯ, ಸೊಂಟ ಮೋಸ ಮಾಡುವುದಿಲ್ಲ. ಮೊಣಕಾಲು ಮಡಚಿ ಒಂದು ಹೆಜ್ಜೆ ಒಳಗೆ ಹಾಕಬೇಕು, ತಲೆ ಅವನ ಪಕ್ಕಕ್ಕೆ, ಎದುರಿಗಲ್ಲ. ಎರಡೂ ಕೈ ಸುತ್ತಿ ಬಿಗಿಯಬೇಕು. ಪುಟ್ಟ ವಿಡಿಯೊದಲ್ಲಿ ಕೈ ಚಾಚುತ್ತಾನೆ, ಹೆಜ್ಜೆ ಹಾಕುವುದಿಲ್ಲ. ದೂರದಿಂದ ಕೈ ಚಾಚಿದರೆ ಯಾರನ್ನೂ ಹಿಡಿಯಲಾಗದು.

ನಾನು:
ರಗ್ಬಿಯಲ್ಲೂ ಅಕ್ಷರಶಃ ಇದೇ ದೊಡ್ಡಪ್ಪ. ಕೆನ್ನೆ ಅವನ ತೊಡೆಯ ಪಕ್ಕಕ್ಕೆ ಒತ್ತಬೇಕು ಅಂತ ಹೇಳಿಕೊಡುತ್ತೇವೆ. ಪುಟ್ಟನಿಗೆ ನೀವೇ ವಿಡಿಯೊ ಕಾಲ್‌ನಲ್ಲಿ ಹೇಳಿ, ನನ್ನ ಮಾತಿಗಿಂತ ನಿಮ್ಮ ಮಾತು ಕೇಳುತ್ತಾನೆ.

ಆಕ್ಲೆಂಡ್ ಅತ್ತಿಗೆ:
ಒಂದು ವಿಷಯ ಹೇಳಬೇಕಿತ್ತು. ಆ ಹುಡುಗನ ಅಮ್ಮ ಈಗ ಮೆಸೇಜ್ ಮಾಡಿದರು. ಮಂಗಳವಾರ ಬರುವುದಿಲ್ಲ ಅನ್ನುತ್ತಿದ್ದಾನಂತೆ, ಊಟವೂ ಸರಿಯಾಗಿ ಮಾಡಿಲ್ಲ. ಪುಟ್ಟನ ಜೊತೆ ಅವನನ್ನೂ ನಮ್ಮ ಕಾರಿನಲ್ಲೇ ಕರೆದುಕೊಂಡು ಹೋಗುತ್ತೇನೆ ಅಂತ ಹೇಳಿದ್ದೇನೆ.

ಆಕ್ಲೆಂಡ್ ಅಣ್ಣ:
ಮೇಲ್ ಅಳಿಸಿದೆ. ಮಂಗಳವಾರ ನಾನೇ ಕಾರ್ ಓಡಿಸುತ್ತೇನೆ. ಬದಲಾವಣೆ ಬೇಗ ಮಾಡಬೇಕು ಅನ್ನುವುದನ್ನು ಕೋಚ್‌ಗೆ ಪ್ರಾಕ್ಟೀಸ್ ಮುಗಿದ ಮೇಲೆ ಹೇಳುತ್ತೇನೆ. ರೆಫರಿ ತಪ್ಪು ಮಾಡಿದ್ದು ಮಾತ್ರ ನಿಜ.

ನಾನು:
ನಿಜವೇ ಅಣ್ಣ. ಪುಟ್ಟನ ಎದುರಿಗೆ ಹೇಳಬೇಡ ಅಷ್ಟೇ.

ಮೈಸೂರು ದೊಡ್ಡಪ್ಪ:
ತಪ್ಪನ್ನು ಬಾಯಿಬಿಟ್ಟು ಹೇಳಿಸಬೇಕು ಅನ್ನುವುದರಲ್ಲಿ ನಾನು ಇನ್ನೂ ಬದಲಾಗಿಲ್ಲ. ಹೇಳಿಸುವುದು ಎಲ್ಲರ ಎದುರಿಗಾ ಒಬ್ಬನೇ ಇದ್ದಾಗಲಾ ಅನ್ನುವುದನ್ನು ಯೋಚಿಸುತ್ತೇನೆ. ಮಂಗಳವಾರ ಟ್ಯಾಕಲ್ ಮಾಡುವುದನ್ನು ಪಕ್ಕದಿಂದ ವಿಡಿಯೊ ಮಾಡಿ ಕಳಿಸು, ಹಿಂದಿನಿಂದ ತೆಗೆದರೆ ಕಾಲು ಕಾಣುವುದಿಲ್ಲ. ಆ ಇನ್ನೊಬ್ಬ ಹುಡುಗನದ್ದೂ ಕಳಿಸು.