ನೂಲಿನ ಲೇಬಲ್‌ನಲ್ಲಿ ಬರುವ ‘ವೇಟ್’ಗೆ ಕನ್ನಡದಲ್ಲಿ ಏನು? ನಾಳೆ ಪ್ರಿಂಟಿಗೆ, ಬೇಗ ಹೇಳಿ

ಮಡಿಕೇರಿಯಿಂದ

ಎಲ್ಲರಿಗೂ ನಮಸ್ಕಾರ. ಇಲ್ಲಿನ ಒಂದು ಉಲ್ಲನ್ ಅಂಗಡಿಗೆ ಕನ್ನಡದಲ್ಲಿ ಒಂದು ಹಾಳೆ ಮಾಡಿಕೊಡುತ್ತಿದ್ದೇನೆ. ನೂಲಿನ ಉಂಡೆಗೆ ಸುತ್ತಿರುವ ಲೇಬಲ್‌ನಲ್ಲಿ ಏನೇನು ಬರೆದಿರುತ್ತೆ, ಅದನ್ನು ಹೇಗೆ ಓದಬೇಕು ಅನ್ನುವುದಷ್ಟೇ ವಿಷಯ. ಗೋಡೆಗೆ ಅಂಟಿಸುತ್ತಾರೆ. ಓದುವವರು ಮಕ್ಕಳಿಗೆ ಟೋಪಿ, ಸ್ವೆಟರ್ ಹಾಕುವ ಅಮ್ಮಂದಿರು, ಅಜ್ಜಿಯರು. ನಾಳೆ ಮಧ್ಯಾಹ್ನ ಪ್ರಿಂಟಿಗೆ ಹೋಗಬೇಕು.

ಸಿಕ್ಕಿಕೊಂಡಿರುವುದು ‘ವೇಟ್’ನಲ್ಲಿ. ಒಂದೇ ಲೇಬಲ್‌ನಲ್ಲಿ ಎರಡು ಕಡೆ ಇದೆ. ಒಂದು ಕಡೆ ‘ನೆಟ್ ವೇಟ್ 100 ಗ್ರಾಂ’. ಇನ್ನೊಂದು ಕಡೆ ಪುಟ್ಟ ಉಂಡೆಯ ಚಿತ್ರ, ಅದರೊಳಗೆ 4, ಪಕ್ಕದಲ್ಲಿ ‘ಮೀಡಿಯಂ ವೇಟ್’. ಮೊದಲನೆಯದು ತೂಕ, ಸರಿ. ಎರಡನೆಯದಕ್ಕೂ ತೂಕ ಅಂತಲೇ ಹಾಕಿದರೆ ಓದಿದವರಿಗೆ ತಲೆಬುಡ ಗೊತ್ತಾಗಲ್ಲ. ಏನು ಬರೆಯಲಿ? ಹಾಗೇ ‘ಡೈ ಲಾಟ್’, ‘ಟೆನ್ಷನ್’ ಇವಕ್ಕೂ ಹೇಳಿ. ಟೆನ್ಷನ್ನಿಗೆ ಕಂಪ್ಯೂಟರ್ ಅನುವಾದ ‘ಉದ್ವೇಗ’ ಅಂತ ಕೊಟ್ಟಿದೆ!

ಶಿರಸಿಯಿಂದ

ದಪ್ಪ. ಇದರಲ್ಲಿ ಚರ್ಚೆ ಮಾಡುವುದೇನಿದೆ?

ಮೈಸೂರಿನಿಂದ

ದಪ್ಪ ಅಂದರೆ ಗುಣ, ಅಳತೆ ಅಲ್ಲ. 0 ನಂಬರಿನ ನೂಲಿಗೆ ‘ದಪ್ಪ: ತೆಳು’ ಅಂತ ಬರೆಯುತ್ತೀರಾ? ‘ಎಳೆಗಾತ್ರ’ ಅನ್ನಿ. ಕೇಳಲಿಕ್ಕೂ ಚೆನ್ನಾಗಿದೆ.

ಧಾರವಾಡದಿಂದ

ಎಳೆಗಾತ್ರ ಅರಿಸಮಾಸ. ಎಳೆ ನಮ್ಮದು, ಗಾತ್ರ ಸಂಸ್ಕೃತದ್ದು. ‘ನೂಲ್ದಪ್ಪ’ ಅನ್ನಲು ಏನು ಅಡ್ಡಿ?

ಮೈಸೂರಿನಿಂದ

ನೂಲ್ದಪ್ಪ ಅಂತ ಯಾವ ಅಂಗಡಿಯಲ್ಲಿ ಕೇಳಿದ್ದೀರಿ ರಾಯರೇ? ಅರಿಸಮಾಸವನ್ನು ಶಬ್ದಮಣಿದರ್ಪಣ ಅನ್ನುವ ಹಳಗನ್ನಡ ವ್ಯಾಕರಣ ಬರೆದ ಕೇಶಿರಾಜನೇ ಬಿರುದಾವಳಿಯಲ್ಲಿ, ಹಿಂದಿನ ಕವಿಗಳ ಪ್ರಯೋಗದಲ್ಲಿ ಒಪ್ಪಿದ್ದಾನೆ.

ಧಾರವಾಡದಿಂದ

ಇದು ಬಿರುದಾವಳಿಯಲ್ಲ. ನೂಲಿನ ಉಂಡೆ.

ಮೆಲ್ಬರ್ನ್‌ನಿಂದ

ಇಷ್ಟು ಹೊತ್ತು ಬರೆದವರಲ್ಲಿ ಒಬ್ಬರೂ ಸೂಜಿ ಹಿಡಿದವರ ಹಾಗೆ ಕಾಣಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಸಮಾಸ ಆಮೇಲೆ ನೋಡೋಣ.

ಆ 4 ಬಂದಿರುವುದು ಅಮೆರಿಕದ ಕ್ರಾಫ್ಟ್ ಯಾರ್ನ್ ಕೌನ್ಸಿಲ್ ಮಾಡಿರುವ ಪಟ್ಟಿಯಿಂದ. 0ರಿಂದ 7ರ ತನಕ ಇದೆ. 0 ಅಂದರೆ ಲೇಸ್ ಹೆಣೆಯುವ ತೆಳ್ಳನೆ ನೂಲು, 1 ಕಾಲುಚೀಲದ್ದು, 3 ಡಿಕೆ, ಅಂದರೆ ಡಬಲ್ ನಿಟ್ಟಿಂಗ್, 4 ವರ್ಸ್ಟೆಡ್, ಅದೇ ನಿಮ್ಮ ಮೀಡಿಯಂ. 7 ಜಂಬೋ, ಸೂಜಿ ಬಿಟ್ಟು ಬರೀ ತೋಳಲ್ಲೇ ಹೆಣೆಯುವವರಿದ್ದಾರೆ, ಅಷ್ಟು ದಪ್ಪ. ಗ್ರಾಂ ಬೇರೆ ಲೆಕ್ಕ. 100 ಗ್ರಾಂ ಉಂಡೆ ವರ್ಸ್ಟೆಡ್ ಆದರೆ ಸುಮಾರು 200 ಮೀಟರ್ ಬರುತ್ತೆ, ಕಾಲುಚೀಲದ ನೂಲಾದರೆ 400ರ ಆಸುಪಾಸು. ಎರಡೂ ತಕ್ಕಡಿಯಲ್ಲಿ ಒಂದೇ. ಬರೀ ಗ್ರಾಂ ನೋಡಿ ಕೊಂಡವರಿಗೆ ಒಂದು ತೋಳು ಬಾಕಿ ಇರುವಾಗ ನೂಲು ಮುಗಿಯುತ್ತೆ. ಹಾಗಾಗಿ ‘ಎಷ್ಟು ಮೀಟರ್ ಇದೆ ನೋಡಿ’ ಅಂತ ದೊಡ್ಡಕ್ಷರದಲ್ಲಿ ಹಾಕಿ, ಅದು ಎಲ್ಲಕ್ಕಿಂತ ಮುಖ್ಯ.

‘ಎಳೆಗಾತ್ರ’ ಬೇಡವೇ ಬೇಡ. ಅರಿಸಮಾಸ ಅಂತಲ್ಲ, ಲೇಬಲ್‌ನಲ್ಲಿ ‘ಪ್ಲೈ’ ಅಂತ ಇನ್ನೊಂದು ಇರುತ್ತಲ್ಲ, ಎಳೆ ಅಂದರೆ ಅದೇ. ಇಲ್ಲಿ ಆಸ್ಟ್ರೇಲಿಯಾದಲ್ಲಿ ಡಿಕೆಗೆ 8 ಪ್ಲೈ ಅನ್ನುತ್ತಾರೆ, ವರ್ಸ್ಟೆಡ್‌ಗೆ 10 ಪ್ಲೈ. ಬಿಚ್ಚಿ ನೋಡಿದರೆ ಒಳಗೆ ಎಂಟು ಎಳೆ ಇರಲೇಬೇಕು ಅಂತೇನಿಲ್ಲ, ನಾಲ್ಕೇ ಇರಬಹುದು. ಈಗ ಅದು ದಪ್ಪದ ಹೆಸರು ಅಷ್ಟೇ, ಎಣಿಕೆ ಅಲ್ಲ. ನಿಮ್ಮ ಹಾಳೆಯಲ್ಲಿ ಎಳೆಗಾತ್ರ ಒಂದು ಸಾಲು, ಎಳೆ ಇನ್ನೊಂದು ಸಾಲು ಬಂದರೆ ಓದಿದವರು ಎಳೆ ಬಿಡಿಸಿ ಎಣಿಸುತ್ತಾ ಕೂರಬೇಕಾಗುತ್ತದೆ. ‘ನೂಲಿನ ದಪ್ಪ: 4, ಮಧ್ಯಮ’ ಸಾಕು. ‘ನೂಲಿನ ದಪ್ಪ: 0, ತುಂಬಾ ತೆಳು’ ಅಂದರೂ ಯಾರಿಗೂ ಕಿವಿ ನೋಯಲ್ಲ. ಶಿರಸಿಯವರು ಒಂದೇ ಮಾತಿನಲ್ಲಿ ಹೇಳಿದ್ದು ಸರಿ ಇತ್ತು.

ಟೆನ್ಷನ್ ಅನ್ನುವುದು ಬ್ರಿಟನ್‌ನವರ ಮಾತು, ಅಮೆರಿಕದವರು ಗೇಜ್ ಅನ್ನುತ್ತಾರೆ. 10 ಸೆಂ.ಮೀ. ಚೌಕದಲ್ಲಿ ಅಡ್ಡಕ್ಕೆ ಎಷ್ಟು ಸ್ಟಿಚ್, ಉದ್ದಕ್ಕೆ ಎಷ್ಟು ಸಾಲು ಅನ್ನುವ ಲೆಕ್ಕ. ಡಿಕೆ ಲೇಬಲ್‌ನಲ್ಲಿ 4 ಮಿ.ಮೀ. ಸೂಜಿಗೆ 22 ಸ್ಟಿಚ್, 30 ಸಾಲು ಅಂತ ಇರುವುದು ಸಾಮಾನ್ಯ. ಅವಳದ್ದು ಕೈ ಬಿಗಿ, ಇವಳದ್ದು ಸಡಿಲ ಅಂತ ನಾವೇ ಆಡಿಕೊಳ್ಳುತ್ತೇವಲ್ಲ, ಅದೇ ಇದು. ‘ಹೆಣಿಗೆಯ ಬಿಗಿ’ ಅಂತ ಬರೆಯಿರಿ. ಮೊದಲು ಒಂದು ಚಿಕ್ಕ ಚೌಕ ಹೆಣೆದು ಅಳೆಯಿರಿ, ಸ್ಟಿಚ್ ಜಾಸ್ತಿ ಬಂದರೆ ದಪ್ಪ ಸೂಜಿ, ಕಮ್ಮಿ ಬಂದರೆ ತೆಳು ಸೂಜಿ ಅಂತಲೂ ಸೇರಿಸಿ.

ದಯವಿಟ್ಟು ಸೂಜಿಯ ನಂಬರ್ ಮಾತ್ರ ಬರೆಯಬೇಡಿ. ಮಿಲಿಮೀಟರ್ ಬರೆಯಿರಿ. ಭಾರತದಲ್ಲಿ ನಮ್ಮ ಕಡೆ ಇನ್ನೂ ಹಳೇ ಬ್ರಿಟಿಷ್ ನಂಬರ್ ಓಡುತ್ತಿದೆ, ಅದರಲ್ಲಿ ನಂಬರ್ ದೊಡ್ಡದಾದಷ್ಟೂ ಸೂಜಿ ತೆಳು. ಅಮೆರಿಕದ್ದು ಉಲ್ಟಾ. ಅಲ್ಲಿನ 8 ಅಂದರೆ 5 ಮಿ.ಮೀ., ನಮ್ಮ 8 ಅಂದರೆ 4 ಮಿ.ಮೀ. ಕ್ರೋಶಾದಲ್ಲೂ ಇದೇ ತಕರಾರು, ಬ್ರಿಟನ್‌ನ ಡಬಲ್ ಕ್ರೋಶಾವೇ ಅಮೆರಿಕದ ಸಿಂಗಲ್.

ಮಡಿಕೇರಿಯಿಂದ

ಅಕ್ಕಾ, ತುಂಬಾ ಉಪಕಾರವಾಯಿತು. ವರ್ಸ್ಟೆಡ್‌ಗೆ ಏನಾದರೂ ಇದೆಯಾ?

ಮೈಸೂರಿನಿಂದ

ಅದು ಊರ ಹೆಸರು. ಇಂಗ್ಲೆಂಡಿನ ನಾರ್ಫೋಕ್‌ನಲ್ಲಿ ವರ್ಸ್ಟೆಡ್ ಅಂತಲೇ ಒಂದು ಹಳ್ಳಿ ಇದೆ. ಊರ ಹೆಸರನ್ನು ಅನುವಾದ ಮಾಡಬೇಡಿ.

ಧಾರವಾಡದಿಂದ

ಕೊನೆಗೆ ದಪ್ಪ ಅಂತಲೇ ಆಯಿತು, ಸಂತೋಷ. ಆದರೆ ಮೊದಲ ಸಾಲಿನಲ್ಲೇ ‘ಉಲ್ಲನ್ ಅಂಗಡಿ’ ಅಂದಿದ್ದೀರಿ. ಹಾಳೆಯಲ್ಲೂ ಹಾಗೇ ಬರೆಯುವವರಿದ್ದೀರಾ? ಉಣ್ಣೆ ಅನ್ನುವ ಅಚ್ಚಗನ್ನಡ ಪದ ಇರುವಾಗ ಇಂಗ್ಲಿಷಿನ ಎಂಜಲು ಯಾಕೆ?

ಮೈಸೂರಿನಿಂದ

ಉಣ್ಣೆ ಅಚ್ಚಗನ್ನಡ ಆಗಿದ್ದು ಯಾವಾಗ? ಸಂಸ್ಕೃತದ ಊರ್ಣಾ ಪ್ರಾಕೃತದಲ್ಲಿ ಉಣ್ಣಾ ಆಗಿ ನಮ್ಮಲ್ಲಿ ಉಣ್ಣೆ ಆಗಿದೆ. ಅದಕ್ಕಿಂತ ಮಜಾ ಅಂದರೆ ಇಂಗ್ಲಿಷಿನ ‘ವುಲ್’ ಕೂಡ ಅದೇ ಇಂಡೋ-ಯುರೋಪಿಯನ್ ಬೇರಿನದ್ದು. ಉಣ್ಣೆ, ಉಲ್ಲನ್ ದಾಯಾದಿಗಳು. ಒಂದು ಮೊದಲು ಬಂತು, ಇನ್ನೊಂದು ಈಚೆಗೆ ಬಂತು. ಎರಡೂ ಎರವಲೇ.

ಧಾರವಾಡದಿಂದ

ತದ್ಭವ ಎರವಲಲ್ಲ. ನಮ್ಮ ಬಾಯಿಗೆ ಒಗ್ಗಿದ ಮೇಲೆ ನಮ್ಮದೇ.

ಶಿರಸಿಯಿಂದ

ಉಲ್ಲನ್ ಒಗ್ಗಿಲ್ಲವಾ? ಇಂಗ್ಲಿಷಿನವರು ‘ವುಲನ್’ ಅನ್ನುತ್ತಾರೆ. ‘ವ’ ಬಿಟ್ಟು, ‘ಲ’ಗೆ ಒತ್ತು ಕೊಟ್ಟವರು ನಾವೇ.

ಧಾರವಾಡದಿಂದ

ಹಾಗೇ ಬಿಡುತ್ತಾ ಹೋಗಿ, ನಾಳೆ ಕಂಬಳಿಯೂ ಬ್ಲಾಂಕೆಟ್ಟಾಗುತ್ತದೆ. ಈ ಉದಾರಬುದ್ಧಿಯಿಂದಲೇ ಅಂಗಡಿ ಬೋರ್ಡುಗಳಲ್ಲಿ ಕನ್ನಡದ ಲಿಪಿ ಇದೆ, ಕನ್ನಡ ಇಲ್ಲ.

ಚಳ್ಳಕೆರೆಯಿಂದ

ಕಂಬಳಿ ಮಾತು ಬಂತು ಅಂತ ಬರೆಯುತ್ತಿದ್ದೇನೆ, ನಮ್ಮದು ಕಂಬಳಿ ನೇಯುವ ಊರು. ಉಲ್ಲನ್ ಯಾರ ಮನೆಯ ಪದ ಅನ್ನುವುದು ನಿಮ್ಮ ಜಗಳ, ಅದು ಇವತ್ತು ಮುಗಿಯಲ್ಲ. ನನಗೆ ಒಂದು ಗೊತ್ತಾಗಬೇಕು. ಮಡಿಕೇರಿಯವರೇ, ಆ ಉಂಡೆಯಲ್ಲಿ ಇರುವುದು ಏನು?

ಮಡಿಕೇರಿಯಿಂದ

ಜಾಸ್ತಿ ಲೇಬಲ್‌ಗಳಲ್ಲಿ ‘100% ಅಕ್ರಿಲಿಕ್’ ಅಂತಿದೆ. ಕೆಲವು ಅರ್ಧ ಉಣ್ಣೆ, ಅರ್ಧ ಅಕ್ರಿಲಿಕ್. ಗಿರಾಕಿಗಳು ಎಲ್ಲಕ್ಕೂ ಉಲ್ಲನ್ ಅಂತಲೇ ಕೇಳುತ್ತಾರೆ.

ಚಳ್ಳಕೆರೆಯಿಂದ

ನೋಡಿ ಮತ್ತೆ. ಧಾರವಾಡದ ಸಾಹೇಬರ ಮಾತು ಕೇಳಿ ಅದಕ್ಕೆ ಉಣ್ಣೆ ಅಂತ ಹಾಕಿದರೆ ಹಸಿ ಸುಳ್ಳಾಗುತ್ತೆ. ಕುರಿ ಮೈಮೇಲೆ ಬೆಳೆದದ್ದು ಉಣ್ಣೆ. ಅಕ್ರಿಲಿಕ್ ಕಾರ್ಖಾನೆಯಲ್ಲಿ ಪೆಟ್ರೋಲಿಯಂನಿಂದ ಮಾಡಿದ ನಾರು. ಒಂದು ತುಂಡಿಗೆ ಬೆಂಕಿ ಇಟ್ಟು ನೋಡಿ. ಉಣ್ಣೆ ಕೂದಲು ಸುಟ್ಟ ವಾಸನೆ ಬಂದು ಪುಡಿಯಾಗುತ್ತೆ, ಅಕ್ರಿಲಿಕ್ ಕರಗಿ ಗಟ್ಟಿ ಗಂಟಾಗುತ್ತೆ. ಉಣ್ಣೆ ಅಂದುಕೊಂಡು ಬಿಸಿ ಇಸ್ತ್ರಿ ಇಟ್ಟರೆ ಅಕ್ರಿಲಿಕ್ ಸ್ವೆಟರ್ ಜೋತುಬಿದ್ದು ಮತ್ತೆ ಹಿಂದಿನ ಹಾಗೆ ಆಗಲ್ಲ. ಅಕ್ರಿಲಿಕ್ ಅಂದುಕೊಂಡು ಉಣ್ಣೆಯನ್ನು ಬಿಸಿ ನೀರಲ್ಲಿ ಉಜ್ಜಿದರೆ ಕುಗ್ಗಿ ಗಟ್ಟಿಯಾಗುತ್ತೆ. ಅದಕ್ಕೇ ಗಿರಾಕಿ ಬಾಯಲ್ಲಿ ಉಲ್ಲನ್ ಇರಲಿ, ಹಾಳೆಯಲ್ಲಿ ‘ನಾರು: ಉಣ್ಣೆ / ಅಕ್ರಿಲಿಕ್ / ಹತ್ತಿ’ ಅಂತ ಬೇರೆ ಬೇರೆ ಬರೆಯಿರಿ.

ಮೆಲ್ಬರ್ನ್‌ನಿಂದ

ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಒಗೆಯುವ ಚಿಹ್ನೆಗಳನ್ನೂ ಸೇರಿಸಿ. ನೀರಿನ ತೊಟ್ಟಿಯಲ್ಲಿ ಕೈ ಇದ್ದರೆ ಕೈಯಲ್ಲೇ ಒಗೆಯಿರಿ, ಇಸ್ತ್ರಿ ಪೆಟ್ಟಿಗೆಯಲ್ಲಿ ಒಂದು ಚುಕ್ಕಿ ಇದ್ದರೆ 110 ಡಿಗ್ರಿ ದಾಟಿಸಬೇಡಿ, ಯಾವುದರ ಮೇಲೆ ಗೀಟು ಹೊಡೆದಿದ್ದರೂ ಅದನ್ನು ಮಾಡಬೇಡಿ.

ಡೈ ಲಾಟ್‌ಗೆ ‘ಬಣ್ಣದ ಲಾಟ್ ನಂಬರ್’ ಅಂತ ಬಿಡಿ, ಟೈಲ್ಸ್ ಕೊಂಡವರಿಗೂ ಗೊತ್ತಿರುವ ಮಾತು. ಲಾಟ್ ಅಂದರೆ ಒಂದೇ ಸಲ ಒಟ್ಟಿಗೆ ಬಣ್ಣಕ್ಕೆ ಅದ್ದಿದ ನೂಲು. ಬಣ್ಣದ ನಂಬರ್ ಬೇರೆ, ಲಾಟ್ ನಂಬರ್ ಬೇರೆ, ಅದನ್ನು ಮರೆಯಬೇಡಿ. ಅದೇ ಕೆಂಪು ಇನ್ನೊಂದು ಸಲ ಅದ್ದಿ ತೆಗೆದರೆ ಒಂಚೂರು ಬೇರೆ ಬರುತ್ತೆ. ಅಂಗಡಿಯಲ್ಲಿ ಗೊತ್ತಾಗಲ್ಲ, ಹೆಣೆದು ಬಿಸಿಲಿಗೆ ಹಿಡಿದಾಗ ಎದ್ದು ಕಾಣುತ್ತೆ.

ಮಡಿಕೇರಿಯಿಂದ

ಹಾಗಾದರೆ ಹೀಗೆ ಹಾಕುತ್ತಿದ್ದೇನೆ: ನಾರು, ತೂಕ ಮತ್ತು ಉದ್ದ, ನೂಲಿನ ದಪ್ಪ, ಹೆಣಿಗೆಯ ಬಿಗಿ, ಸೂಜಿ ಮಿ.ಮೀ.ನಲ್ಲಿ, ಬಣ್ಣದ ನಂಬರ್, ಬಣ್ಣದ ಲಾಟ್ ನಂಬರ್, ಒಗೆಯುವ ರೀತಿ. ಪ್ಲೈ ಪ್ಲೈ ಆಗಿಯೇ ಇರುತ್ತೆ, ಕೆಳಗೆ ‘ಇದು ಎಳೆಯ ಲೆಕ್ಕ ಅಲ್ಲ’ ಅಂತ ಒಂದು ಸಾಲು.

ಧಾರವಾಡದಿಂದ

‘ಲಾಟ್’ ಬೇಡ. ‘ಕಂತು’ ಅನ್ನಿ.

ಶಿರಸಿಯಿಂದ

ಕಂತು ಅಂದರೆ ಸ್ವೆಟರಿಗೂ ಸಾಲ ಕೊಡುತ್ತಾರೆ ಅಂದುಕೊಳ್ಳುತ್ತಾರೆ.

ಧಾರವಾಡದಿಂದ

‘ಬಣ್ಣದ ಸರದಿ’ ಆದರೂ ಅನ್ನಿ.

ಮಡಿಕೇರಿಯಿಂದ

ಸರ್, ಪ್ರಿಂಟಿಗೆ ಹೋಯಿತು.