ಚೇಳುಬಾಲದ ಮಾತು, ತಿರುಗುಮುರುಗಿನ ಖಟ್ಲೆ

ಬಾಗಲಕೋಟೆಯ ನವನಗರದಲ್ಲಿ ಈರಣ್ಣನ ಮಿರ್ಚಿಭಜಿ ಬಂಡಿಯ ಸುತ್ತ ಸಂಜೆ ಸೇರುವ ನಮ್ಮ ಗುಂಪಿನಲ್ಲಿ ಚಿತ್ರಗಳಲ್ಲಿಯೇ ಕಥೆ ಹೇಳುವ ಗ್ರಾಫಿಕ್ ಕಾದಂಬರಿಯ ಮಾತೆತ್ತಿದವರು ಶ್ರೀಶೈಲ ಮಾಸ್ತರರು. ಅದು ಹುಡುಗರ ಆಟವೆಂದು ತಳ್ಳಿಹಾಕಿದವರು, ಎಂದಿನಂತೆ, ವಕೀಲರು. "ಗಡ್ಡ ನೆರೆತ ಮೇಲೂ ಚಿತ್ರ ನೋಡುವ ಚಾಳಿ ಬಿಡಲಿಲ್ಲವಲ್ಲ, ಮಾಸ್ತರರೇ!" ಎಂದು ಅವರು ಕೆಣಕಿದಾಗ ಮಾಸ್ತರರು, ಯಹೂದಿಗಳನ್ನು ಇಲಿಗಳಾಗಿಯೂ ನಾಜಿಗಳನ್ನು ಬೆಕ್ಕುಗಳಾಗಿಯೂ ಚಿತ್ರಿಸಿ ತಂದೆಯ ಆಶ್‌ವಿಟ್ಜ್ ಯಾತನಾಶಿಬಿರದ ನೆನಪುಗಳನ್ನು ಹೇಳಿದ ಆರ್ಟ್ ಸ್ಪೀಗಲ್‌ಮನ್ನರ ‘ಮೌಸ್’ ಕೃತಿಗೆ 1992ರಲ್ಲಿ ಪುಲಿಟ್ಜರ್ ವಿಶೇಷ ಪ್ರಶಸ್ತಿ ಬಂದುದನ್ನು ತಿಳಿಸಿದರು. ಆತ್ಮಕಥೆ, ಯುದ್ಧದ ವರದಿ, ಗಣಿತದ ಇತಿಹಾಸ ಎಂದು ಬಗೆಗಳು ಬೆಳೆಯುತ್ತಲೇ ಇವೆಯೆಂದೂ, ಜಪಾನಿನಲ್ಲಂತೂ 1983ರಲ್ಲಿ ಆರಂಭವಾದ ‘ಓಯಿಶಿನ್ಬೊ’ ನೂರಕ್ಕೂ ಮಿಕ್ಕ ಸಂಪುಟಗಳಲ್ಲಿ ಊಟದ ವಿಷಯವನ್ನೇ ಹೇಳಿದೆಯೆಂದೂ ಅವರು ಸೇರಿಸಿದ್ದೇ ತಡ, ಈರಣ್ಣ ಝಾರಿಯನ್ನು ಎಣ್ಣೆಯ ಮೇಲೆಯೇ ತಡೆದು, ಅಷ್ಟರಲ್ಲಿ ಮಿರ್ಚಿಗೆ ಎಷ್ಟು ಪುಟ ಸಿಕ್ಕಿದೆಯೆಂದು ವಿಚಾರಿಸಿದನು.

ಮರುವಾರ ವಕೀಲರು ಮಗಳ ಕಪಾಟಿನಿಂದ ಒಂದು ಪತ್ತೇದಾರಿ ಮಾಂಗಾ, ಅಂದರೆ ಜಪಾನಿನ ಚಿತ್ರಕಥೆಯ ಪುಸ್ತಕ, ತಂದರು. "ಇದರಲ್ಲಿ ಕೊಲೆಗಾರ ಮೊದಲು ಸಿಕ್ಕಿಬೀಳುತ್ತಾನೆ, ಕೊಲೆ ಆಮೇಲೆ ನಡೆಯುತ್ತದೆ, ಇಂಥ ಖಟ್ಲೆಯಲ್ಲಿ ಜಾಮೀನು ಕೊಡದೆ ಗತಿಯಿಲ್ಲ" ಎಂಬುದು ಅವರ ವಾದ. ಉರ್ದು ಶಾಲೆಯಲ್ಲಿ ಕಲಿತ ರಸೂಲ್ ಸಾಹೇಬರು ಪುಸ್ತಕವನ್ನು ತಿರುವಿ ಹಿಡಿದು, ಚೌಕಟ್ಟುಗಳನ್ನು ಬಲದಿಂದ ಎಡಕ್ಕೆ ಸಲೀಸಾಗಿ ಓದುತ್ತ ಹೋಗಿ, ಕೊಲೆಯನ್ನು ಅದರ ಜಾಗಕ್ಕೆ ತಂದಿಟ್ಟರು.

ನನಗೆ ಇವೆಲ್ಲಕ್ಕಿಂತ ಹಿಡಿಸಿದ್ದು, ಗೊಂಡ ಬುಡಕಟ್ಟಿನ ಕಲಾವಿದರಾದ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್ ದಂಪತಿ ಅಂಬೇಡ್ಕರರ ಬದುಕನ್ನು ಚಿತ್ರಿಸಿದ 2011ರ ‘ಭೀಮಾಯಣ’. ಅದರಲ್ಲಿ ಪೆಟ್ಟಿಗೆಯಂಥ ಚೌಕಟ್ಟುಗಳಿಲ್ಲ. ಪಾತ್ರಗಳ ಮಾತು ಬರೆಯುವ ಗುಳ್ಳೆಗಳೂ ಬೇರೆ ಬಗೆಯವು: ಮೆಲುಮಾತು ಹಕ್ಕಿಯ ಆಕಾರದ ಗುಳ್ಳೆಯಲ್ಲಿ ಬಂದರೆ, ವಿಷದ ಮಾತಿನ ಗುಳ್ಳೆಗೆ ಚೇಳಿನ ಬಾಲವಿರುತ್ತದೆ. ಇದನ್ನು ಕೇಳಿದ ಎಲ್ಲರೂ ಒಮ್ಮೆಗೇ ವಕೀಲರ ಬಾಯಿಯ ಕಡೆ ನೋಡಿದ್ದು ಬರಿಯ ಆಕಸ್ಮಿಕವೆಂದು ಹೇಳಲಾರೆ.

ಒರಿಜಿತ್ ಸೇನ್ 1994ರಲ್ಲಿಯೇ ನರ್ಮದೆಯ ಅಣೆಕಟ್ಟನ್ನು ಕುರಿತು ‘ರಿವರ್ ಆಫ್ ಸ್ಟೋರೀಸ್’ ರಚಿಸಿದ್ದಾರೆಂದು ಮಾಸ್ತರರು ಹೇಳಿದಾಗ ಮಾತ್ರ ಹರಟೆ ಬಿಸಿಯೇರಿತು. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರಿನ ಮನೆ ಬಿಟ್ಟುಕೊಟ್ಟು ಸೆಕ್ಟರುಗಳಿಗೆ ಬಂದವರೇ ಅಲ್ಲಿದ್ದವರೆಲ್ಲ. ನಮ್ಮ ಕಥೆಯೂ ಬರಬೇಕೆಂಬುದಕ್ಕೆ ಯಾರ ವಿರೋಧವೂ ಇರಲಿಲ್ಲ, ತಕರಾರು ಹುಟ್ಟಿದ್ದು ಅದು ಯಾವ ಬಗೆಗೆ ಸೇರಬೇಕೆಂಬಲ್ಲಿ. ಮಾಸ್ತರರು ಇತಿಹಾಸವೆಂದರು. ಸೆಕ್ಟರ್ ನಂಬರು ತಪ್ಪಿ, ಗುರುತಿಲ್ಲದವರ ಮನೆಯಲ್ಲಿ ಕುಬಸದ ಊಟ ಉಂಡು, ಆಯಾರವನ್ನೂ ಕೊಟ್ಟು ಬಂದಿದ್ದ ವಕೀಲರು ಹಾಸ್ಯವೆಂದರು. ಪರಿಹಾರದ ಕಡತವನ್ನು ಹುಡುಕಿ ಚಪ್ಪಲಿ ಸವೆಸಿದ ರಸೂಲ್ ಸಾಹೇಬರಿಗೆ ಮಾತ್ರ ಅದು ಅಪ್ಪಟ ಪತ್ತೇದಾರಿ.

"ಕಡತ ಇನ್ನೂ ಸಿಕ್ಕಿಲ್ಲವಲ್ಲ, ಕೊನೆಯ ಪುಟದಲ್ಲಿ ಏನು ಬರೆಸುತ್ತೀರಿ?" ಎಂದು ವಕೀಲರು ಪಾಟಿಸವಾಲು ಹಾಕಿದರು.

"ನೀವು ಓದುವ ಕ್ರಮದಲ್ಲಿ ಅದೇ ಮೊದಲ ಪುಟವಲ್ಲವೇ, ವಕೀಲ ಸಾಹೇಬರೇ? ಅಲ್ಲಿ ನಿಮ್ಮದೊಂದು ಮುನ್ನುಡಿ ಹಾಕಿಸೋಣ" ಎಂದರು ರಸೂಲ್ ಸಾಹೇಬರು.